ಪೇಟೆ ದಾಟಿ ನಿಂತ ಸೌಧ

ಬೆಳಗಾವಿಯವರು ಎತ್ತರದ ಕಟ್ಟಡ ನೋಡಬೇಕೆಂದರೆ ಒಂದು ಕಾಲಕ್ಕೆ ಮುಂಬೈಗೋ ಬೆಂಗಳೂರಿಗೋ ಹೋಗಬೇಕಿತ್ತು. ಕೋರ್ಟು ಕೆಲಸ, ವರ್ಗಾವಣೆ ಕೆಲಸ ಅಂತ ರಾತ್ರಿ ರೈಲು ಹತ್ತಿದವರು ಬೆಂಗಳೂರಿನ ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ಎದುರು ನಿಂತು, ಬೀಳುವ ಟೋಪಿ ಕೈಯಲ್ಲಿ ಹಿಡಿದು, ಮಹಡಿ ಎಣಿಸಿ ಬರುತ್ತಿದ್ದರು. 1973ರಲ್ಲಿ ಎದ್ದ ಆ ಕಟ್ಟಡಕ್ಕೆ 25 ಮಹಡಿ, 106 ಮೀಟರ್ ಎತ್ತರ. ಊರಿಗೆ ಬಂದು ಹೇಳುವಾಗ ಅದಕ್ಕೆ ಎರಡು ಮೂರು ಮಹಡಿ ಕೂಡಿಕೊಳ್ಳುತ್ತಿದ್ದವು. ಲಿಫ್ಟಿನಲ್ಲಿ ಹೊಟ್ಟೆ ಹೇಗೆ ಝಲ್ಲೆಂದಿತು ಎಂಬುದಕ್ಕೇ ಅರ್ಧ ಗಂಟೆ.

ನಮ್ಮ ಪೇಟೆಗೆ ಆ ಭಾಗ್ಯವಿರಲಿಲ್ಲ. ಗಣಪತ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿ, ಖಡೇಬಜಾರ ಎಲ್ಲ ಕಡೆ ಕೆಳಗೆ ಅಂಗಡಿ, ಮೇಲೆ ಒಂದು ಮಾಳಿಗೆ, ಅದರ ಮೇಲೆ ಹಂಚು. ಹಂಚು ಬಂದಲ್ಲಿ ಮನೆ ಮುಗಿಯಿತು. ಇಳಿಜಾರು ಮಾಡಿನ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಲು ಬರುವುದಿಲ್ಲ. ಇಳಿಜಾರು ಬೇಡವೆಂದರೆ ಮಳೆ ಬಿಡುವುದಿಲ್ಲ. ಪಶ್ಚಿಮಘಟ್ಟದ ಬೆನ್ನಿಗೇ ಕೂತ ಊರು ಇದು. 26 ಕಿಲೋಮೀಟರ್ ಆಚೆಯ ಖಾನಾಪುರ ಮುಟ್ಟಿದರೆ ಮಳೆಯ ಅಳತೆಯೇ ಬೇರೆ. ಆ ತಾಲ್ಲೂಕಿನ ಆಮಗಾಂವದಲ್ಲಿ 2010ರಲ್ಲಿ ಹತ್ತು ಸಾವಿರ ಮಿಲಿಮೀಟರ್ ದಾಟಿ ಸುರಿದಿತ್ತು. ಆ ಮಳೆಗೆ ಉತ್ತರವೂ ಖಾನಾಪುರದ ನೆಲದಲ್ಲೇ ಇತ್ತು. ಅಲ್ಲಿನ ಜೇಡಿಮಣ್ಣು ಹಂಚಿಗೂ ಹದ, ಗಡಿಗೆಗೂ ಹದ. ಖಾದಿ ಆಯೋಗದವರು ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಗೆ ಖಾನಾಪುರವನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಹೀಗೆ ಒಂದು ತಾಲ್ಲೂಕಿನ ಮಣ್ಣು ಇನ್ನೊಂದು ಊರಿನ ಪೇಟೆಯನ್ನು ಬಹುಕಾಲ ತಗ್ಗಿನಲ್ಲೇ ಇಟ್ಟಿತು.

ಈ ಸ್ಮರಣ ಸಂಚಿಕೆಯ ಸಂಪಾದಕರು ನನಗೆ ಕೊಟ್ಟ ವಿಷಯ ನಗರದ ದೊಡ್ಡ ಕಟ್ಟಡದ ಇತಿಹಾಸ. ನಾನು ಬರೆಯುತ್ತಿರುವುದು ಸುವರ್ಣ ವಿಧಾನಸೌಧದ ಬಗ್ಗೆ. ಅದಕ್ಕಿರುವುದು ನಾಲ್ಕೇ ಮಹಡಿ, ಅದು ಪೇಟೆಯಲ್ಲೂ ಇಲ್ಲ ಎಂದು ಓದುಗರು ತಕರಾರು ತೆಗೆಯಬಹುದು. ಎರಡೂ ನಿಜ. ಆದರೆ ಬೆಳಗಾವಿಯಲ್ಲಿ ಅಧಿಕಾರ ಯಾವ ಕಾಲಕ್ಕೂ ಪೇಟೆಯೊಳಗೆ ಕೂತಿಲ್ಲ. ರಟ್ಟರ ಕಾಲದ ಕಮಲ ಬಸದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಕೋಟೆ ಪೇಟೆಯ ಮೂಡಣಕ್ಕೆ, ಇಂಗ್ಲಿಷರ ದಂಡು ಪಡುವಣಕ್ಕೆ. ನಡುವೆ ನಾವು, ಹಂಚಿನ ಕೆಳಗೆ. ತನ್ನ ದೊಡ್ಡದನ್ನು ಊರಾಚೆ ಕಳಿಸುವ ಚಾಳಿಯೂ ಈ ಊರಿಗೆ ಹಳೆಯದು. ಇಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಖಾನೆಯ ಜಾಗ ಬಡಾವಣೆಗೆ ಬೇಕೆಂದು ಪುರಸಭೆ ಕೇಳಿದ್ದಕ್ಕೆ ಅವರು 1910ರಲ್ಲಿ ಔಂಧ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ನಮಗೆ ಉಳಿದದ್ದು ಕಿರ್ಲೋಸ್ಕರ ರಸ್ತೆ ಎಂಬ ಹೆಸರು. ಅಲ್ಲಿ ಈಗ ಸೀರೆ ಕೊಳ್ಳಬಹುದು, ನೇಗಿಲು ಸಿಗುವುದಿಲ್ಲ.

ಸೌಧದ ಕತೆ 2006ರಿಂದ ಶುರುವಾಗುತ್ತದೆ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು 1924ರಿಂದ. ಆ ವರ್ಷ ಡಿಸೆಂಬರ್ 26, 27ರಂದು ಟಿಳಕವಾಡಿಯ ಬಯಲಿನಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಬದುಕಿನಲ್ಲಿ ಅದೊಂದೇ ಸಲ. ಗಂಗಾಧರರಾವ್ ದೇಶಪಾಂಡೆ ಮುಂದೆ ನಿಂತು ಬಿದಿರು, ಖಾದಿಯಲ್ಲಿ ಒಂದು ಊರನ್ನೇ ಎಬ್ಬಿಸಿ ಅದಕ್ಕೆ ವಿಜಯನಗರ ಎಂದು ಹೆಸರಿಟ್ಟರು. ಮಹಾದ್ವಾರ ಹಂಪಿಯ ವಿರೂಪಾಕ್ಷ ಗೋಪುರದ ಮಾದರಿಯದು. ಕರ್ನಾಟಕ ಎಂಬ ಹೆಸರಿನ ರಾಜ್ಯ ಇನ್ನೂ ಇರಲಿಲ್ಲ. ಬೆಳಗಾವಿ ಮುಂಬೈ ಪ್ರಾಂತದ ಒಂದು ಜಿಲ್ಲೆ. ಅಂಥಲ್ಲಿ ಹಂಪಿಯ ಗೋಪುರವನ್ನು ತಂದು ನಿಲ್ಲಿಸಿದ್ದು ಬರೀ ಅಲಂಕಾರಕ್ಕಾಗಿರಲಿಲ್ಲ. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಾಡು ಮೊಳಗಿದ್ದು ಆ ವೇದಿಕೆಯಲ್ಲೇ. ಸ್ವಾಗತಗೀತೆ ಹಾಡಿದವರಲ್ಲಿ ಆಗಿನ್ನೂ ಚಿಕ್ಕ ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ ಇದ್ದರು.

ಅಧಿವೇಶನ ಮುಗಿಯಿತು. ಖಾದಿ ಮಡಚಿದರು, ಬಿದಿರು ಬಿಚ್ಚಿದರು, ಗೋಪುರ ಇಳಿಯಿತು. ಜನಕ್ಕೆ ನೀರು ಬೇಕೆಂದು ತೋಡಿದ ಬಾವಿಯೊಂದು ಉಳಿಯಿತು. ಅದರ ಹೆಸರು ಪಂಪಾ ಸರೋವರ, ಊರವರ ಬಾಯಲ್ಲಿ ಕಾಂಗ್ರೆಸ್ ಬಾವಿ. ಪಕ್ಕದ ರಸ್ತೆ ಕಾಂಗ್ರೆಸ್ ರೋಡು. ಎರಡು ದಿನದ ಸಭೆಯಿಂದ ಊರಿಗೆ ಒಂದು ಬಾವಿ ದಕ್ಕಿದ್ದು ಕಡಿಮೆ ಲಾಭವಲ್ಲ. ಈ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಮಹಾರಾಷ್ಟ್ರದ ತಕರಾರೂ ಜೊತೆಗೇ ಬಂತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ಇಲ್ಲೇ ಇರಲಿ ಎಂಬುದು ಮಾತ್ರ ಎಲ್ಲರಿಗೂ ನೆನಪು. ಅದೇ ವರದಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡಿ ಎಂದಿತ್ತು, ಆ ಪಟ್ಟಿಯಲ್ಲಿ ನಿಪ್ಪಾಣಿಯ ಜೊತೆ ಖಾನಾಪುರವೂ ಇತ್ತು, ನಂದಗಡವೂ ಇತ್ತು. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿ ಮಣ್ಣು ಮಾಡಿದ ನಂದಗಡ! ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ 247 ಹಳ್ಳಿ ನಮಗೆ ಬರಬೇಕಿತ್ತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ, ಅದು ಜಾರಿಗೂ ಬರಲಿಲ್ಲ. ಕರ್ನಾಟಕದ ವೇದಿಕೆಗಳಲ್ಲಿ ‘ಮಹಾಜನ ವರದಿಯೇ ಅಂತಿಮ’ ಎಂದು ಗುಡುಗುವಾಗ ಖಾನಾಪುರದ ಕನ್ನಡಿಗ ಚಪ್ಪಾಳೆ ತಟ್ಟಲೋ ಬೇಡವೋ ಎಂದು ಒಂದು ಕ್ಷಣ ಯೋಚಿಸುತ್ತಾನೆ. ನಾನು ಆ ತಾಲ್ಲೂಕಿನವನು, ನನಗೆ ಈ ಪೇಚು ಚಿಕ್ಕಂದಿನಿಂದ ಗೊತ್ತು. ನಮ್ಮ ಓಣಿಯಲ್ಲಿ ಅಂಗಡಿಗೆ ಹೋದರೆ ಬೆಲ್ಲ ಕನ್ನಡದಲ್ಲಿ ಕೇಳಿ, ಚಿಲ್ಲರೆ ಮರಾಠಿಯಲ್ಲಿ ಎಣಿಸಿಕೊಂಡು ಬರುತ್ತಿದ್ದೆವು.

2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2005ರಲ್ಲಿ ಬೆಳಗಾವಿ ಮಹಾನಗರ ಪಾಲಿಕೆ ಮಹಾರಾಷ್ಟ್ರ ಸೇರುವ ನಿರ್ಣಯ ಮಾಡಿತು, ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಇದರ ಬೆನ್ನಿಗೇ, 2006ರ ಸೆಪ್ಟೆಂಬರ್ 25ರಿಂದ ಐದು ದಿನ ಕರ್ನಾಟಕದ ವಿಧಾನಮಂಡಲ ಬೆಂಗಳೂರು ಬಿಟ್ಟು ಇಲ್ಲಿಗೆ ಬಂದು ಕೂತಿತು. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ. ಕೂರಲು ಸ್ವಂತ ಜಾಗವಿರಲಿಲ್ಲ. ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಆವರಣದಲ್ಲಿ ಸದನ ಸೇರಿತು. ಇದು ನನಗೆ ಬಲು ಇಷ್ಟದ ಸಂಗತಿ. 1916ರ ನವೆಂಬರ್ 13ರಂದು ಏಳು ಜನ ಮಾಸ್ತರರು ಒಂದು ಶಾಲೆಯಿಂದ ಶುರು ಮಾಡಿದ ಸಂಸ್ಥೆ ಅದು. ಬಸವನಾಳ, ಸಾಖರೆ, ಹಂಚಿನಾಳ, ಮಮದಾಪುರ ಮುಂತಾದ ಆ ಏಳು ಜನರನ್ನು ಈ ಕಡೆ ಸಪ್ತರ್ಷಿಗಳೆನ್ನುತ್ತಾರೆ. ಅರಟಾಳ ರುದ್ರಗೌಡರಂಥವರು ಕೈಹಿಡಿದರು, ಶಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರಿನಲ್ಲಿ 1933ರಲ್ಲಿ ಲಿಂಗರಾಜ ಕಾಲೇಜು ಎದ್ದಿತು. ಅಲ್ಲಿಯವರೆಗೆ ಬೆಳಗಾವಿ ಹುಡುಗರು ಬಿ.ಎ. ಓದಲು ಧಾರವಾಡಕ್ಕೋ ಕೊಲ್ಲಾಪುರಕ್ಕೋ ಪುಣೆಗೋ ಗಂಟು ಕಟ್ಟಬೇಕಿತ್ತು. ಮಾಸ್ತರರ ಕಟ್ಟಡದಲ್ಲಿ ಸರ್ಕಾರ ಬಾಡಿಗೆದಾರನಂತೆ ಕೂತ ಆ ಐದು ದಿನವನ್ನು, 2009ರ ಜನವರಿಯಲ್ಲಿ ಅಲ್ಲೇ ನಡೆದ ಎರಡನೇ ಅಧಿವೇಶನವನ್ನು, ಮಹಾರಾಜರ ಕಾಲದ ದರ್ಬಾರುಗಳಿಗಿಂತ ದೊಡ್ಡದೆಂದು ನಾನು ತಿಳಿಯುತ್ತೇನೆ.

ಸ್ವಂತ ಸೌಧಕ್ಕೆ ಮೊದಲು ಕಣ್ಣಿಟ್ಟಿದ್ದು ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೇಲೆ. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ, ದೊಡ್ಡ ಮರಗಳ ಜಾಗ. ನಡು ಊರಿನಲ್ಲಿ ಉಳಿದಿರುವ ನೆರಳು ಅದೊಂದೇ ಎಂದು ಜನ ಬೇಡವೆಂದರು. ಆಮೇಲೆ ಜಾಗ ಹುಡುಕುತ್ತ ಹೋಗಿ ನಿಂತದ್ದು ಧಾರವಾಡದ ದಿಕ್ಕಿಗೆ, ಹೆದ್ದಾರಿಯ ಮಗ್ಗುಲಿಗೆ, ಹಲಗಾ ಮತ್ತು ಬಸ್ತವಾಡದ ನಡುವಿನ ದಿನ್ನೆಯಲ್ಲಿ. 127 ಎಕರೆ. 2009ರ ಜನವರಿಯಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಮರ ಉಳಿಯಿತು, ಪೇಟೆಗೆ ಸೌಧ ತಪ್ಪಿತು. ವ್ಯಾಪಾರಿಗಳು ಆಗ ಬೇಜಾರು ಮಾಡಿಕೊಂಡಿದ್ದು ನಿಜ. ಈಗ ಡಿಸೆಂಬರಿನಲ್ಲಿ ಹೆದ್ದಾರಿಯ ಬಂದೋಬಸ್ತು ನೋಡಿದ ಮೇಲೆ ಅವರೇ, ಇದು ಕಾಂಗ್ರೆಸ್ ರೋಡಿನಲ್ಲಿ ಆಗಿದ್ದರೆ ನಾವು ಹದಿನೈದು ದಿನ ಶಟರ್ ಎಳೆದು ಮನೆಯಲ್ಲಿ ಕೂರಬೇಕಿತ್ತು ಎನ್ನುತ್ತಾರೆ.

ಕಟ್ಟಡ ಏಳುವುದನ್ನು ಮೂರು ವರ್ಷ ಬಸ್ಸಿನ ಕಿಟಕಿಯಿಂದ ನೋಡಿದವರು ನಾವು. ಮೊದಲು ಕೆಂಪು ಮಣ್ಣಿನ ಗುಡ್ಡೆ, ಆಮೇಲೆ ಕಂಬಗಳ ಕಾಡು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಡುವೆ ಗುಮ್ಮಟದ ಅಸ್ಥಿಪಂಜರ. ಹಿರೇಬಾಗೇವಾಡಿ ಬಸ್ಸಿನಲ್ಲಿ ಎಡ ಮಗ್ಗುಲು, ಬಲ ಮಗ್ಗುಲು ಎಂದು ಸೀಟಿಗೆ ಜಗಳ. ಸಾಲ ಮಾಡಿ ಮನೆ ಕಟ್ಟಿಸುವವರು ಸಿಮೆಂಟಿನ ದರಕ್ಕೆ ಸೌಧವನ್ನೇ ಬೈಯುತ್ತಿದ್ದರು. ಕೊನೆಗೆ ಅರವತ್ತು ಸಾವಿರ ಚದರ ಮೀಟರ್ ಆಸುಪಾಸಿನ, ನಾಲ್ಕು ನೂರು ಕೋಟಿ ರೂಪಾಯಿ ಆಸುಪಾಸಿನ ಕಟ್ಟಡ ಎದ್ದಿತು. ವಿಧಾನಸಭೆ, ವಿಧಾನಪರಿಷತ್ತು, ನಡುವೆ ಸೆಂಟ್ರಲ್ ಹಾಲ್, ಮಂತ್ರಿಗಳಿಗೆ ಕೋಣೆಗಳು. ಎತ್ತರಕ್ಕಿಂತ ಅಗಲ ಹೆಚ್ಚು. ಕೆಂಗಲ್ ಹನುಮಂತಯ್ಯನವರ ಕಾಲದ ಬೆಂಗಳೂರಿನ ವಿಧಾನಸೌಧ 1956ರಲ್ಲಿ ಗ್ರಾನೈಟಿನಲ್ಲಿ ಮಾಡಿದ್ದನ್ನು ಇದು ಕಾಂಕ್ರೀಟಿನ ಕಾಲದಲ್ಲಿ ಮತ್ತೊಮ್ಮೆ ಹೇಳಲು ನೋಡಿದೆ. ಬೆಂಗಳೂರಿನದರಲ್ಲಿ ಉಳಿಯ ಗುರುತು ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. ಅದು ನನ್ನ ದೂರು. ಆದರೆ ಮಳೆ ನಿಂತ ಸಂಜೆ, ಸುತ್ತಲ ಭತ್ತದ ಗದ್ದೆ ಇನ್ನೂ ಹಸಿರಿರುವಾಗ, ತಿಳಿ ಬಣ್ಣದ ಆ ಉದ್ದನೆಯ ಗೋಡೆಗೆ ಇಳಿಬಿಸಿಲು ಬಿದ್ದರೆ ದೂರು ಮರೆತುಹೋಗುತ್ತದೆ.

2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಬಂದು ಉದ್ಘಾಟಿಸಿದರು. ಆಗ ಮುಖ್ಯಮಂತ್ರಿ ಜಗದೀಶ ಶೆಟ್ಟರ್. ಅಡಿಗಲ್ಲಿಗೂ ಉದ್ಘಾಟನೆಗೂ ನಡುವೆ ಮುಖ್ಯಮಂತ್ರಿ ಸ್ಥಾನ ಮೂರು ಕೈ ದಾಟಿತ್ತು. ಕಲ್ಲಿನಲ್ಲಿ ಕೆತ್ತುವ ಹೆಸರುಗಳ ಬಗ್ಗೆ ಬೆಳಗಾವಿಯವರು ಮಾಡಿದ ಜೋಕುಗಳನ್ನು ಸ್ಮರಣ ಸಂಚಿಕೆಯಲ್ಲಿ ಬರೆಯಲಾಗುವುದಿಲ್ಲ. ಅದೇ ಡಿಸೆಂಬರಿನಲ್ಲಿ ಹೊಸ ಸದನದಲ್ಲಿ ಮೊದಲ ಅಧಿವೇಶನ. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. ಊರಿನ ಹೆಸರಿಗಿಂತ ಎರಡು ವರ್ಷ ಹಿರಿಯ ಸೌಧ ಇದು.

ಅಂದಿನಿಂದ ಚಳಿಗಾಲ ಬಂತೆಂದರೆ ಊರಿಗೆ ಸರ್ಕಾರ ಬರುತ್ತದೆ. ಹತ್ತು ದಿನ, ಹೆಚ್ಚೆಂದರೆ ಎರಡು ವಾರ. 2019ರಲ್ಲಿ ಪ್ರವಾಹ, 2020ರಲ್ಲಿ ಕೋವಿಡ್ ಕಾರಣಕ್ಕೆ ಅದೂ ಇಲ್ಲ. 2021ರ ಡಿಸೆಂಬರಿನಲ್ಲಿ ಮತ್ತೆ ಬೀಗ ತೆಗೆದರು. ಒಂದು ತಿಂಗಳು ಮೊದಲೇ ಲಾಡ್ಜುಗಳೆಲ್ಲ ಭರ್ತಿ. ಶಾಸಕರಿಗೆ ಇಲ್ಲಿ ಭವನವಿಲ್ಲ, ಆಗಬೇಕೆಂಬ ಮಾತು ಪ್ರತಿ ಅಧಿವೇಶನದಲ್ಲೂ ಎದ್ದು ಕೂರುತ್ತದೆ. ಕೆಲವರು ಹುಬ್ಬಳ್ಳಿ, ಧಾರವಾಡದಿಂದ ದಿನಾ ಓಡಾಡುತ್ತಾರೆ. ಬಂದೋಬಸ್ತಿಗೆ ಬಂದ ಪೊಲೀಸರಿಗೆ ಬಯಲಿನಲ್ಲಿ ಸಾಲು ಸಾಲು ಜರ್ಮನ್ ಟೆಂಟು. 1924ರ ಡಿಸೆಂಬರಿನ ಖಾದಿ ಡೇರೆಗಳು ಪ್ಲಾಸ್ಟಿಕ್ ಉಟ್ಟು ಮರಳಿ ಬಂದಂತಿರುತ್ತದೆ. ಆಗಿನವರಿಗಿದ್ದ ಚಳಿ ಈಗಿನವರಿಗೂ ಇದೆ. ರಾತ್ರಿ ಹೆದ್ದಾರಿಯ ಚಹಾದ ಗಾಡಿಯ ಸುತ್ತ ಕೈ ಉಜ್ಜುತ್ತ ನಿಂತ ಬಳ್ಳಾರಿಯ, ರಾಯಚೂರಿನ ಪೇದೆಗಳನ್ನು ಕೇಳಿದರೆ ಗೊತ್ತಾಗುತ್ತದೆ. ಹೋಗುವಾಗ ಎಲ್ಲರ ಕೈಯಲ್ಲೂ ಒಂದೊಂದು ಡಬ್ಬಿ ಕುಂದಾ.

ಸೌಧದೊಳಗೆ ಒಂದು ಸದನವಾದರೆ ಹೊರಗೆ ಇನ್ನೊಂದು. ಕೊಂಡಸಕೊಪ್ಪದ ಗುಡ್ಡದ ಕೆಳಗೆ, ಸುವರ್ಣ ಗಾರ್ಡನ್ನಿನಲ್ಲಿ ಧರಣಿಯವರ ಪೆಂಡಾಲುಗಳು. ಕಬ್ಬಿನ ದರ, ಪಿಂಚಣಿ, ಅಂಗನವಾಡಿ, ಅತಿಥಿ ಉಪನ್ಯಾಸಕರು, ಮೀಸಲಾತಿ, ಮಹದಾಯಿ. ನಮ್ಮ ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ಅವಳಿಗೆ ನೀರು ಕೂಡಿಸುವ ಕಳಸಾ ನಾಲೆಯ ಹೆಸರು ಈ ಪೆಂಡಾಲುಗಳಲ್ಲಿ ಕೇಳದ ವರ್ಷವಿಲ್ಲ. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯವರು (ಎಂಇಎಸ್) ಅಧಿವೇಶನದ ಮೊದಲ ದಿನವೇ ಮಹಾಮೇಳಾವ ಕರೆಯುತ್ತಾರೆ. 2021ರಲ್ಲೂ 2022ರಲ್ಲೂ ಅವರು ಆರಿಸಿದ ಜಾಗ ಅದೇ ವ್ಯಾಕ್ಸಿನ್ ಡಿಪೋ. ಸೌಧ ಬೇಡವೆಂದು ಉಳಿಸಿಕೊಂಡ ಮೈದಾನ ಸೌಧ ಬೇಡವೆನ್ನುವವರಿಗೆ ಒದಗಿತು!

ಒಂದು ಡಿಸೆಂಬರಿನಲ್ಲಿ ನಾನೂ ಖಾನಾಪುರದ ಕಾಡಂಚಿನ ಹಳ್ಳಿಯವರ ಜೊತೆ ಹೋಗಿದ್ದೆ. ಅವರಿಗೆ ಬೇಕಾಗಿದ್ದು ಒಂದು ಸೇತುವೆ. ಮಳೆಗಾಲದಲ್ಲಿ ಹಳ್ಳ ಏರಿದರೆ ಬಸುರಿಯನ್ನು, ಮುದುಕರನ್ನು ಬಿದಿರಿಗೆ ಕಂಬಳಿ ಕಟ್ಟಿ ಹೊತ್ತು ತರುವ ಕಡೆಯವರು. ಬೆಳಿಗ್ಗೆ ನಾಲ್ಕಕ್ಕೆದ್ದು, ಖಾನಾಪುರದವರೆಗೆ ಟೆಂಪೊ, ಅಲ್ಲಿಂದ ಬೆಳಗಾವಿ ಬಸ್ಸು, ಬೆಳಗಾವಿಯಲ್ಲಿ ಇಳಿದು ಇನ್ನೊಂದು ಬಸ್ಸು. ಸೌಧ ಕಂಡಾಗ ಒಬ್ಬ ಅಜ್ಜ ಬೊಟ್ಟು ಮಾಡಿ ಗುಮ್ಮಟದಿಂದ ಕೆಳಗಿನವರೆಗೆ ಎಣಿಸಿದ. ‘ನಾಕ ಅದಾವಲ್ರೀ, ಇಷ್ಟ ಸಿಮಿಟಿನಾಗ ನಮಗ ಎಷ್ಟ ಸಂಕ ಆಗತಿದ್ವು?’ ಎಂದು ಕೇಳಿದ. ಸಿಟ್ಟಿನಿಂದ ಅಲ್ಲ, ಗೌಂಡಿ ಕೆಲಸ ಮಾಡಿದ ಮನುಷ್ಯ, ನಿಜವಾಗಿ ಲೆಕ್ಕ ಹಾಕುತ್ತಿದ್ದ. ಗೇಟಿನ ಹತ್ತಿರ ಪಾಸು ಕೇಳಿದರು. ನಮ್ಮಲ್ಲಿ ಪಾಸಿರಲಿಲ್ಲ. ಪೆಂಡಾಲಿಗೆ ಬಂದ ಮಂತ್ರಿಯೊಬ್ಬರು ಮನವಿ ತೆಗೆದುಕೊಂಡು, ಹಿಂದೆ ನಿಂತವರ ಕೈಗೆ ಕೊಟ್ಟು, ಮುಂದಿನ ಪೆಂಡಾಲಿಗೆ ಹೋದರು. ಅಷ್ಟಾದರೂ ಅಜ್ಜನಿಗೆ ಸಮಾಧಾನ. ಬೆಂಗಳೂರಾಗಿದ್ದರೆ ಇದಕ್ಕೂ ಎರಡು ರಾತ್ರಿ ರೈಲು ಬೇಕಿತ್ತು. ಸೌಧವನ್ನು ಬಿಳಿಯಾನೆ ಎಂದು ಬೈಯುವವರ ಜೊತೆ ನಾನು ಪೂರ್ತಿ ದನಿಗೂಡಿಸದಿರುವುದು ಆ ದಿನದ ಕಾರಣಕ್ಕೆ.

ಬೈಯುವವರಿಗೂ ಕಾರಣ ಇಲ್ಲದಿಲ್ಲ. ಅಧಿವೇಶನ ಮುಗಿದ ಮೇಲೆ ಉಳಿಯುವ ಹನ್ನೊಂದೂವರೆ ತಿಂಗಳನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಕಟ್ಟಿಸಿದವರು ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಬೆಂಗಳೂರಿನ ದೊಡ್ಡ ಕಚೇರಿಗಳನ್ನು ಇಲ್ಲಿಗೆ ತರುತ್ತೇವೆ ಎಂಬ ಮಾತು 2018ರಲ್ಲಿ ಜೋರಾಗಿ ಕೇಳಿತು. ಫೈಲಿಗೆ ಕಾಲು ಬರುವುದು ಕಷ್ಟ, ಅಧಿಕಾರಿಯ ಮಕ್ಕಳ ಶಾಲೆಗಂತೂ ಬರುವುದೇ ಇಲ್ಲ. ಅದೇ 2018ರ ಮಾರ್ಚಿನಲ್ಲಿ ಕೋಟೆಕೆರೆಯ ದಂಡೆಯಲ್ಲಿ 110 ಮೀಟರಿನ ಧ್ವಜಸ್ತಂಭ ನಿಂತಿತು. ಯುಟಿಲಿಟಿ ಬಿಲ್ಡಿಂಗಿಗಿಂತ ನಾಲ್ಕು ಮೀಟರ್ ಹೆಚ್ಚು. ಬೆಂಗಳೂರಿನ ಮೇಲೆ ನಮ್ಮ ಹಳೆಯ ಸಾಲ ಒಂದು ಕಂಬದಲ್ಲಿ ತೀರಿತು.

ಆ ಖಾಲಿ ತಿಂಗಳುಗಳಲ್ಲಿ ಸೌಧವನ್ನು ನೋಡಿಕೊಳ್ಳುವವರು ಸುತ್ತಲ ಊರಿನ ಗುತ್ತಿಗೆ ಕೆಲಸದವರು. ಕಸ ಹೊಡೆಯುವುದು, ಹುಲ್ಲು ಕೀಳುವುದು, ಕೂರುವವರಿಲ್ಲದ ಕುರ್ಚಿಯ ಧೂಳು ಒರೆಸುವುದು. 2022ರ ಬೇಸಿಗೆಯ ಕೊನೆಯಲ್ಲಿ ಅವರಲ್ಲೊಬ್ಬ ಹೆಂಗಸು ಸೌಧದ ಎದುರಿನ ಮೆಟ್ಟಿಲ ಮೇಲೆ ಬಟ್ಟೆ ಹಾಸಿ ಶಾವಿಗೆ, ಹಪ್ಪಳ ಒಣಹಾಕಿದ್ದರು. ಯಾರೋ ತೆಗೆದ ಫೋಟೊ ರಾಜ್ಯವೆಲ್ಲ ಸುತ್ತಿತು. ಸೌಧದ ಮರ್ಯಾದೆ ಹೋಯಿತು ಎಂದು ಅರ್ಧ ಜನ, ಕಟ್ಟಡ ಕೊನೆಗೂ ಒಂದು ಉಪಯೋಗಕ್ಕೆ ಬಂತಲ್ಲ ಎಂದು ಇನ್ನರ್ಧ ಜನ. ಆಕೆಯನ್ನು ಕೆಲಸದಿಂದ ತೆಗೆದರು. ಬಡವಿಯ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ಎಲ್ಲ ಕಡೆಯಿಂದ ಕೂಗೆದ್ದ ಮೇಲೆ ಮತ್ತೆ ಸೇರಿಸಿಕೊಂಡರು.

ಉತ್ತರ ಕರ್ನಾಟಕದ ಯಾವ ಹೆಂಗಸನ್ನು ಕೇಳಿದರೂ ಆಕೆ ಮಾಡಿದ್ದರಲ್ಲಿ ಜಾಗದ ತಿಳಿವಳಿಕೆಯಿತ್ತು ಎಂದೇ ಹೇಳುತ್ತಾರೆ. ಶಾವಿಗೆಗೆ ಸುಮ್ಮನೆ ಬಿಸಿಲು ಸಾಲದು. ಬಿಸಿಲಿನ ಜೊತೆ ಗಾಳಿ ಬೇಕು, ಕಲ್ಲು ಕಾದಿರಬೇಕು, ಕೋಳಿ ನಾಯಿ ಬರಬಾರದು, ಧೂಳು ಏಳಬಾರದು. ಮುಂಗಾರು ಇನ್ನು ನಾಲ್ಕು ದಿನ ಎನ್ನುವಾಗ ವರ್ಷದ ಶಾವಿಗೆ ಒಣಗಿ ಡಬ್ಬಿ ಸೇರಬೇಕು. ಹಂಚಿನ ಮನೆಗೆ ತಾರಸಿ ಇಲ್ಲ, ಅಂಗಳ ಮಣ್ಣಿನದು. ಇಡೀ ಹಲಗಾ, ಬಸ್ತವಾಡದಲ್ಲಿ ಅಷ್ಟು ಅಗಲದ, ಅಷ್ಟು ಸ್ವಚ್ಛದ, ಇಡೀ ದಿನ ನೆರಳು ಬೀಳದ ಕಲ್ಲಿನ ಮೆಟ್ಟಿಲು ಇನ್ನೆಲ್ಲಿದೆ? ಅದನ್ನು ದಿನಾ ಬೆಳಿಗ್ಗೆ ಗುಡಿಸುತ್ತಿದ್ದವರೂ ಅವರ ಮಂದಿಯೇ.

2024ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನಕ್ಕೆ ನೂರು ತುಂಬಿತು. ಸೌಧದೊಳಗೆ ಅನುಭವ ಮಂಟಪದ ದೊಡ್ಡ ಚಿತ್ರ ಬಂತು, ಮರುತಿಂಗಳು, 2025ರ ಜನವರಿ 21ರಂದು, ಸೌಧದ ಎದುರು ಗಾಂಧಿ ಪ್ರತಿಮೆ ಅನಾವರಣವಾಯಿತು. ಆ ದಿನಗಳಲ್ಲಿ ಊರಿನ ಬೀದಿ ಬೀದಿಗೆ ದೀಪ. ನಾನು ಟಿಳಕವಾಡಿಯ ಬಾವಿಯ ಕಡೆಗೂ ಹೋಗಿ ಬಂದೆ. ಕಟ್ಟೆಗೆ ಹೊಸ ಬಣ್ಣ, ಗೇಟಿಗೆ ಹಾರ. ಒಳಗೆ ಬಗ್ಗಿ ನೋಡಿದೆ. ನೀರಿತ್ತು.